ವಾರ್ಡ್ ಪುನರ್ವಿಂಗಡಣೆಯ ಕರಡನ್ನು ಓದಿ ಆಕ್ಷೇಪಣೆ ಸಲ್ಲಿಸುವ ಬಗೆ

ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಚುನಾವಣೆಗೆ ಮುನ್ನ ವಾರ್ಡುಗಳ ಗಡಿ ಬದಲಾಗುವುದಿದ್ದರೆ ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಕರೆಯುತ್ತದೆ. ಬೆಂಗಳೂರಿನಲ್ಲಿ ಇತ್ತೀಚಿನ ಪುನರ್ವಿಂಗಡಣೆಗಳ ಸಂದರ್ಭದಲ್ಲಿ ಇದಕ್ಕೆ ಸಿಕ್ಕಿದ್ದು ಸುಮಾರು ಹದಿನೈದು ದಿನ. ಮುಂದಿನ ಐದು ವರ್ಷ ನಿಮ್ಮ ಬೀದಿಯ ಚರಂಡಿ, ದೀಪ, ಕಸ ವಿಲೇವಾರಿಗೆ ಯಾರು ಉತ್ತರದಾಯಿ ಎಂಬುದು ತೀರ್ಮಾನವಾಗುವುದು ಆ ಹದಿನೈದು ದಿನಗಳಲ್ಲಿ. ಆದರೆ ಬಹುಪಾಲು ನಾಗರಿಕರಿಗೆ ವಿಷಯ ತಿಳಿಯುವ ಹೊತ್ತಿಗೆ ಅಂತಿಮ ಅಧಿಸೂಚನೆ ಪ್ರಕಟವಾಗಿರುತ್ತದೆ. ಆದ್ದರಿಂದ ಕರಡು ಕೈಗೆ ಬಂದ ದಿನವೇ ಏನು ಮಾಡಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಿದ್ದೇನೆ.

ಮೊದಲು ಕಾನೂನಿನ ಹಿನ್ನೆಲೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಚುನಾಯಿತ ಸ್ಥಾನಗಳನ್ನು ವಾರ್ಡುಗಳಿಂದ ನೇರ ಚುನಾವಣೆಯ ಮೂಲಕವೇ ತುಂಬಬೇಕು. ಸಂಸ್ಥೆಯ ಅವಧಿ ಐದು ವರ್ಷ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಪುನರ್ವಿಂಗಡಣೆ ಬಾಕಿಯಿದೆ ಎಂಬುದು ಚುನಾವಣೆಯನ್ನು ಮುಂದೂಡಲು ಕಾರಣವಾಗಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದರೂ ಬೆಂಗಳೂರಿನಲ್ಲಿ ಆದದ್ದನ್ನು ನೋಡಿ. 2015ರಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರ್‌ನಲ್ಲಿ ಆ ಕೌನ್ಸಿಲಿನ ಅವಧಿ ಮುಗಿಯಿತು. ಅನಂತರ ವಾರ್ಡುಗಳ ಸಂಖ್ಯೆ 2022ರಲ್ಲಿ 243 ಆಯಿತು, 2023ರಲ್ಲಿ 225ಕ್ಕೆ ಇಳಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ರಚನೆಯಾದ ಮೇಲೆ ಒಟ್ಟು 369ಕ್ಕೆ ಏರಿತು. ಗೆರೆ ಮೂರು ಸಲ ಬದಲಾಯಿತು. ಆ ಮೂರೂ ಸಲ ನಗರಕ್ಕೆ ಚುನಾಯಿತ ಕೌನ್ಸಿಲ್ ಇರಲಿಲ್ಲ. ಆಡಳಿತಾಧಿಕಾರಿಯ ಕಾಲದಲ್ಲಿ ವಾರ್ಡಿನ ಸಮಸ್ಯೆಗೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದೆ ಅಲೆದವರಿಗೆ ಈ ಸಂಖ್ಯೆಗಳ ಅರ್ಥವನ್ನು ಬೇರೆ ವಿವರಿಸಬೇಕಿಲ್ಲ.

ಕರಡು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಪಾಲಿಕೆ ಅಥವಾ ಜಿಲ್ಲಾಧಿಕಾರಿ ಕಚೇರಿಯಲ್ಲೂ ಕೇಳಿ ನೋಡಿ. ಅದರಲ್ಲಿ ವಾರ್ಡಿನ ಸಂಖ್ಯೆ, ಹೆಸರು, ಜನಸಂಖ್ಯೆ ಮತ್ತು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ದಿಕ್ಕುಗಳ ಗಡಿವಿವರಣೆ ಇರುತ್ತದೆ. ಹೊಲ, ಸೈಟುಗಳ ಪತ್ರದಲ್ಲಿ ನಾವು ನೋಡುವ ಚಕ್ಕುಬಂದಿಯ ಹಾಗೆಯೇ ಇದೂ. ವಾರ್ಡಿನ ಹೆಸರು ನೋಡಿ ಸಮಾಧಾನಪಟ್ಟು ಪುಟ ತಿರುಗಿಸಬೇಡಿ. ಹೆಸರು ಉಳಿದಿದ್ದರೂ ಒಳಗಿನ ಬೀದಿಗಳು ಬದಲಾಗಿರಬಹುದು. ಗಡಿವಿವರಣೆಯ ಪ್ರತಿಯನ್ನು ಕೈಯಲ್ಲಿ ಹಿಡಿದು, ಬಡಾವಣೆಯನ್ನು ಬಲ್ಲ ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು ಗಡಿಯುದ್ದಕ್ಕೂ ಒಮ್ಮೆ ನಡೆದು ಬನ್ನಿ. ಕರಡಿನಲ್ಲಿ ಬರೆದ ಅಡ್ಡರಸ್ತೆ ನೆಲದ ಮೇಲೆ ಇದೆಯೇ, ಎರಡು ಬಡಾವಣೆಗಳಲ್ಲಿ ಒಂದೇ ಹೆಸರಿನ ರಸ್ತೆಯಿದ್ದು ಗೊಂದಲವಾಗಿದೆಯೇ, ಒಂದು ವಾರ್ಡಿನ ಪೂರ್ವದ ಗಡಿ ಪಕ್ಕದ ವಾರ್ಡಿನ ಪಶ್ಚಿಮದ ಗಡಿಗೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿ. ತಾಳೆಯಾಗದೆ ಉಳಿದ ಬೀದಿ ಎರಡೂ ವಾರ್ಡುಗಳ ಪಟ್ಟಿಯಿಂದ ಬಿಟ್ಟುಹೋಗುವ ಅಪಾಯವಿದೆ. ಈ ಬಗೆಯ ತಪ್ಪನ್ನು ತೋರಿಸಿಕೊಟ್ಟರೆ ಅದನ್ನು ಅಲ್ಲಗಳೆಯುವುದು ಅಧಿಕಾರಿಗಳಿಗೂ ಕಷ್ಟ.

ಎರಡನೆಯ ಕೆಲಸ ಜನಸಂಖ್ಯೆಯ ಲೆಕ್ಕ. ವಾರ್ಡುಗಳ ಜನಸಂಖ್ಯೆ ಆದಷ್ಟೂ ಸಮನಾಗಿರಬೇಕೆಂಬುದು ಇಡೀ ವಿಂಗಡಣೆಯ ಮೂಲತತ್ವ, ಏಕೆಂದರೆ ಐದು ಸಾವಿರ ಜನರ ವಾರ್ಡಿಗೂ ಎಂಟು ಸಾವಿರ ಜನರ ವಾರ್ಡಿಗೂ ಒಬ್ಬೊಬ್ಬರೇ ಸದಸ್ಯರಿದ್ದರೆ ಎರಡನೆಯ ವಾರ್ಡಿನ ಮತದ ತೂಕ ಅಷ್ಟರಮಟ್ಟಿಗೆ ತಗ್ಗಿದಂತೆ. ಲೆಕ್ಕ ಹೀಗೆ ಮಾಡಿ. ಒಂದು ನಗರದ ಜನಸಂಖ್ಯೆ 2,10,000, ವಾರ್ಡುಗಳು 35 ಎಂದಿಟ್ಟುಕೊಳ್ಳೋಣ. ಸರಾಸರಿ 6,000. ನಿಮ್ಮ ವಾರ್ಡಿನಲ್ಲಿ 7,260 ಜನರಿದ್ದರೆ ಅದು ಸರಾಸರಿಗಿಂತ ಶೇ 21ರಷ್ಟು ಹೆಚ್ಚು. ಪಕ್ಕದ ವಾರ್ಡಿನಲ್ಲಿ 5,130 ಇದ್ದರೆ ಶೇ 14.5ರಷ್ಟು ಕಡಿಮೆ. ಈಗ ಎರಡಕ್ಕೂ ಹೊಂದಿಕೊಂಡಿರುವ ಗಣತಿ ಬ್ಲಾಕ್ ಒಂದನ್ನು ಹುಡುಕಿ. ಜನಗಣತಿಗಾಗಿ ಗುರುತಿಸಿದ ಇಂಥ ಬ್ಲಾಕಿನಲ್ಲಿ ಸಾಮಾನ್ಯವಾಗಿ 650ರಿಂದ 800 ಜನರಿರುತ್ತಾರೆ. 690 ಜನರಿರುವ ಒಂದು ಬ್ಲಾಕನ್ನು ಆಚೆಗೆ ಸೇರಿಸಿದರೆ ನಿಮ್ಮ ವಾರ್ಡು 6,570ಕ್ಕೆ ಇಳಿಯುತ್ತದೆ, ಪಕ್ಕದ್ದು 5,820ಕ್ಕೆ ಏರುತ್ತದೆ, ಎರಡೂ ಸರಾಸರಿಯ ಶೇ 10ರ ಆಸುಪಾಸಿನೊಳಗೆ ಬರುತ್ತವೆ. ನಮ್ಮ ವಾರ್ಡು ದೊಡ್ಡದಾಗಿದೆ, ಅನ್ಯಾಯವಾಗಿದೆ ಎಂದು ನೂರು ಸಹಿ ಹಾಕಿಸಿ ಬರೆಯುವುದಕ್ಕಿಂತ, ಇಂಥ ಸಂಖ್ಯೆಯ ಬ್ಲಾಕನ್ನು ಇಲ್ಲಿಂದ ಅಲ್ಲಿಗೆ ಸೇರಿಸಿ ಎಂದು ಲೆಕ್ಕದ ಸಮೇತ ಬರೆದ ಒಂದು ಪುಟ ಹೆಚ್ಚು ಫಲಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲೊಂದು ತೊಡಕಿದೆ. ಬೆಂಗಳೂರಿನ ಮೇಲೆ ಹೇಳಿದ ಮೂರೂ ಪುನರ್ವಿಂಗಡಣೆಗಳಿಗೆ ಆಧಾರ 2011ರ ಜನಗಣತಿ. ಆಗ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ವ್ಯಾಪ್ತಿಯ ಜನಸಂಖ್ಯೆ 84.43 ಲಕ್ಷ. ಆಮೇಲೆ ನಗರದ ಅಂಚಿನಲ್ಲಿ ತಲೆಯೆತ್ತಿದ ಅಪಾರ್ಟ್‌ಮೆಂಟುಗಳು, ರೆವಿನ್ಯೂ ಬಡಾವಣೆಗಳು ಆ ಲೆಕ್ಕದಲ್ಲಿಲ್ಲ. ಹೊಸ ಜನಸಂಖ್ಯೆಯನ್ನು ಅಂದಾಜಿಸಿ ಆಕ್ಷೇಪಣೆಯಲ್ಲಿ ಬರೆದರೆ ಅಧಿಕೃತ ಅಂಕಿ ಅಲ್ಲವೆಂಬ ಕಾರಣಕ್ಕೆ ಅದನ್ನು ಬದಿಗಿಡುವ ಸಂಭವ ಹೆಚ್ಚು. ಆದುದರಿಂದ ಮುಖ್ಯ ವಾದವನ್ನು ಗಣತಿಯ ಅಂಕಿಯ ಮೇಲೆಯೇ ಕಟ್ಟಿ, ಇಂದಿನ ಮತದಾರರ ಪಟ್ಟಿಯ ಸಂಖ್ಯೆಯನ್ನು ಪೂರಕವಾಗಿ ಕೊಡಿ.

ಅಂಕಿಯಷ್ಟೇ ಮುಖ್ಯವಾದುದು ನೆಲದ ರೂಪ. ರೈಲು ಹಳಿ, ರಾಜಕಾಲುವೆ, ಕೆರೆ, ದೊಡ್ಡ ಹೆದ್ದಾರಿ ಸಹಜವಾಗಿ ಗಡಿಯಾಗಬೇಕಾದವು. ಅವುಗಳನ್ನು ದಾಟಿ ಆಚೆಯ ನಾಲ್ಕು ಬೀದಿಗಳನ್ನು ವಾರ್ಡಿಗೆ ಸೇರಿಸಿದ್ದರೆ ಅಲ್ಲಿನವರು ತಮ್ಮ ವಾರ್ಡಿನ ಕಚೇರಿಗೆ ಬರಲು ಎಷ್ಟು ದೂರ ಸುತ್ತಬೇಕೆಂಬುದನ್ನು ಅಳೆದು ಬರೆಯಿರಿ. ಒಂದೇ ಕಾಲೊನಿಯನ್ನು ಅಥವಾ ಕೊಳೆಗೇರಿಯನ್ನು ನಡುವೆ ಸೀಳಿ ಎರಡು ವಾರ್ಡುಗಳಿಗೆ ಹಂಚಿದ್ದರೆ ಅದನ್ನು ವಿಶೇಷವಾಗಿ ಎತ್ತಿ ತೋರಿಸಬೇಕು. ನೀರು, ಒಳಚರಂಡಿಯಂಥ ಬೇಡಿಕೆಗೆ ಒಟ್ಟಾಗಿ ನಿಂತವರ ದನಿ ಎರಡೂ ವಾರ್ಡುಗಳಲ್ಲಿ ಅಲ್ಪಸಂಖ್ಯೆಯದಾಗಿ ಕರಗಿಹೋಗುತ್ತದೆ. ವಾರ್ಡು ಒಂದೇ ವಿಧಾನಸಭಾ ಕ್ಷೇತ್ರದೊಳಗಿದೆಯೇ ಎಂದೂ ನೋಡಿಕೊಳ್ಳಿ. ಮತದಾರರ ಪಟ್ಟಿಯ ಮೂಲ ವಿಧಾನಸಭಾ ಕ್ಷೇತ್ರದ ಪಟ್ಟಿಯೇ ಆಗಿರುವುದರಿಂದ ಎರಡು ಕ್ಷೇತ್ರಗಳಿಗೆ ಚಾಚಿದ ವಾರ್ಡಿನಲ್ಲಿ ತಪ್ಪುಗಳಿಗೆ ಅವಕಾಶ ಹೆಚ್ಚು.

ಆಕ್ಷೇಪಣೆಯನ್ನು ಅಧಿಸೂಚನೆಯಲ್ಲಿ ಹೆಸರಿಸಿರುವ ಅಧಿಕಾರಿಗೇ ಬರೆಯಬೇಕು. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ವಾರ್ಡಿನ ಸಂಖ್ಯೆ, ತಪ್ಪು ಯಾವುದು, ಅದಕ್ಕೆ ಆಧಾರವೇನು, ಬದಲಿಗೆ ಗಡಿ ಹೇಗಿರಬೇಕು ಎಂಬುದನ್ನು ಇದೇ ಕ್ರಮದಲ್ಲಿ ಬರೆದು, ಕೈಯಲ್ಲಿ ಬರೆದದ್ದಾದರೂ ಸರಿ, ಒಂದು ನಕ್ಷೆಯನ್ನು ಲಗತ್ತಿಸಿ. ಒಂದು ಗಡಿಯ ವಿಷಯಕ್ಕೆ ಒಂದೇ ಪತ್ರವಿರಲಿ. ಮುದ್ದಾಂ ಸಲ್ಲಿಸುವುದಾದರೆ ಟಪಾಲು ವಿಭಾಗದಲ್ಲಿ ಮೊಹರು, ದಿನಾಂಕ ಹಾಕಿಸಿದ ಸ್ವೀಕೃತಿಯನ್ನು ಪಡೆಯಿರಿ. ಅಂಚೆಯಲ್ಲಿ ಕಳಿಸುವುದಾದರೆ ಗಡುವಿನ ದಿನದೊಳಗೆ ತಲಪುವಂತೆ ಕಳಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಮುಂದೆ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಮ್ಮನಿರುವುದು ತಪ್ಪು ಲೆಕ್ಕಾಚಾರ. ಸಂವಿಧಾನದ 243ಝಡ್‌ಜಿ ವಿಧಿ ಚುನಾವಣಾ ವಿಷಯಗಳಲ್ಲಿ ನ್ಯಾಯಾಲಯದ ಹಸ್ತಕ್ಷೇಪವನ್ನು ನಿರ್ಬಂಧಿಸುತ್ತದೆ. ಚುನಾವಣಾ ಪ್ರಕ್ರಿಯೆ ಆರಂಭವಾದ ಬಳಿಕ ಗಡಿಯ ತಕರಾರಿಗೆ ಪರಿಹಾರ ಸಿಗುವುದು ತೀರಾ ವಿರಳ.

ಗಡಿ ಅಂತಿಮವಾದ ಮೇಲೆ ಮೀಸಲಾತಿ ನಿಗದಿಯಾಗುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ನಗರದಲ್ಲಿ ಅವರ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳಿರುತ್ತವೆ. ಹಿಂದುಳಿದ ವರ್ಗಗಳಿಗೂ ಮೀಸಲಾತಿಯಿದೆ. ಮಹಿಳೆಯರಿಗೆ ಸಂವಿಧಾನ ಕನಿಷ್ಠ ಮೂರನೇ ಒಂದರಷ್ಟು ಸ್ಥಾನ ಕೊಡಬೇಕೆಂದರೆ ಕರ್ನಾಟಕ ಅದನ್ನು ಶೇ 50ಕ್ಕೆ ಏರಿಸಿದೆ. ಇದಕ್ಕೆ ಬೇರೆಯದೇ ಅಧಿಸೂಚನೆ ಹೊರಡುವುದರಿಂದ ಗಡಿಯ ಆಕ್ಷೇಪಣೆಯಲ್ಲಿ ಮೀಸಲಾತಿಯ ಮಾತನ್ನು ಬೆರೆಸಬಾರದು.

ಮತದಾರರ ಪಟ್ಟಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ವಿಧಾನಸಭಾ ಪಟ್ಟಿಯನ್ನು ವಾರ್ಡುವಾರು ವಿಂಗಡಿಸಿ ಕರಡನ್ನು ಪ್ರಕಟಿಸುತ್ತದೆ. ಲೋಕಸಭಾ ಚುನಾವಣೆಯಲ್ಲಿ ಮತ ಹಾಕಿದ್ದೇನೆ, ಹೆಸರು ಇದ್ದೇ ಇರುತ್ತದೆ ಎಂದು ನಂಬಿ ಕುಳಿತವರ ಹೆಸರು ಪಕ್ಕದ ವಾರ್ಡಿಗೆ ಸೇರಿಕೊಂಡಿರಬಹುದು. ಗಡಿಯ ಎರಡೂ ಬದಿಯ ಬೀದಿಗಳಲ್ಲಿ ವಾಸಿಸುವವರಂತೂ ಮನೆಮಂದಿಯೆಲ್ಲರ ಹೆಸರನ್ನೂ ನೋಡಲೇಬೇಕು. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8 ಇವೆ. ಹೆಸರು ತಪ್ಪು ವಾರ್ಡಿನಲ್ಲಿದ್ದರೆ ವಾರ್ಡುವಾರು ಕರಡಿನ ಆಕ್ಷೇಪಣಾ ಅವಧಿಯಲ್ಲಿ ಪ್ರತ್ಯೇಕವಾಗಿ ಅರ್ಜಿ ಕೊಡಿ.

ಮತದಾನದ ವಯಸ್ಸು 18, ಸ್ಪರ್ಧಿಸಲು 21. ಮತದಾರರು ಆರಿಸುವುದು ವಾರ್ಡಿನ ಸದಸ್ಯರನ್ನು ಮಾತ್ರ. ಮೇಯರನ್ನು ಆಯ್ಕೆ ಮಾಡುವುದು ಕೌನ್ಸಿಲ್. ಹಾಗಾಗಿ ಅಭ್ಯರ್ಥಿ ಮನೆಗೆ ಬಂದಾಗ ವಾರ್ಡ್ ಸಮಿತಿಯ ಸಭೆಯನ್ನು ತಿಂಗಳಿಗೊಮ್ಮೆ ಕರೆಯುತ್ತೀರಾ, ಅದರ ನಡಾವಳಿಯನ್ನು ಜನರಿಗೆ ತೋರಿಸುತ್ತೀರಾ ಎಂದು ಕೇಳಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂಬುದು ಸಂವಿಧಾನದ್ದೇ ಮಾತು.

ಕೊನೆಯದಾಗಿ, ಅಂತಿಮ ಅಧಿಸೂಚನೆ, ನಿಮ್ಮ ಆಕ್ಷೇಪಣೆಯ ಪ್ರತಿ, ನಕ್ಷೆ ಮತ್ತು ಬ್ಲಾಕುವಾರು ಲೆಕ್ಕವನ್ನು ಬಡಾವಣೆಯ ಸಂಘದ ಕಡತದಲ್ಲಿ ಜೋಪಾನವಾಗಿಡಿ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಅಂಕಿಗಳು ಬಂದ ಮೇಲೆ ವಾರ್ಡುಗಳ ಹೊಸ ಕರಡು ಬಂದರೆ ಹಳೆಯ ಗಡಿಗೂ ಹೊಸ ಗಡಿಗೂ ಏನು ವ್ಯತ್ಯಾಸವೆಂದು ಮೊದಲ ದಿನವೇ ಹೇಳಲು ಈ ಕಡತ ಬೇಕಾಗುತ್ತದೆ.