ಗದ್ದೆ ಮಾರುವ ಮೊದಲು ಸ್ಕಾಲರ್‌ಷಿಪ್ ಹುಡುಕಿ

ಹೋದ ಜುಲೈನಲ್ಲಿ ಮಂಡ್ಯ ಕಡೆಯ ಪರಿಚಯದ ರೈತರೊಬ್ಬರು ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಪಹಣಿ. ಮಗಳಿಗೆ ಬ್ರಿಟನ್‌ನಲ್ಲಿ ಎಂ.ಎಸ್ಸಿ ಸೀಟು ಸಿಕ್ಕಿತ್ತು. ‘ಎರಡು ಸಾವಿರ ಪೌಂಡ್ ಸ್ಕಾಲರ್‌ಷಿಪ್ಪೂ ಕೊಟ್ಟವ್ರೆ ಸಾ, ಉಳಿದದ್ದಕ್ಕೆ ಒಂದೆಕರೆ ಗದ್ದೆ ಕೊಟ್ಬುಡೋಣ ಅಂತಿದ್ದೀನಿ’ ಅಂದರು. ಫೀಸು ಎಷ್ಟು ಅಂದೆ. ಇಪ್ಪತ್ತು ಸಾವಿರ ಪೌಂಡ್! ಇದು ಸ್ಕಾಲರ್‌ಷಿಪ್ ಅಲ್ಲ, ಆಷಾಢದ ರಿಯಾಯಿತಿ.

ಅವರು ಮೊದಲು ದೇಶ ಆರಿಸಿದ್ದರು, ಆಮೇಲೆ ಕಾಲೇಜು, ಕೊನೆಗೆ ದುಡ್ಡು. ನಮ್ಮಲ್ಲಿ ಜಾಸ್ತಿ ಜನ ಮಾಡುವುದೇ ಹೀಗೆ. ಇದನ್ನು ತಿರುವಿ ಹಾಕಬೇಕು. ದುಡ್ಡು ಎಲ್ಲಿದೆ ಅಂತ ನೋಡಿಕೊಂಡು ಕಾಲೇಜು ಹುಡುಕಬೇಕು.

ಮೊದಲು ಕ್ಯಾಲೆಂಡರ್

ಸೆಪ್ಟೆಂಬರ್‌ನಲ್ಲಿ ವಿಮಾನ ಹತ್ತಬೇಕಾದರೆ ಅದಕ್ಕೂ ಒಂದೂವರೆ ವರ್ಷ ಮೊದಲೇ ಕೆಲಸ ಶುರುವಾಗಬೇಕು. ಅಮೆರಿಕಕ್ಕೆ ಹೋಗಲು ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಷಿಪ್‌ನ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಮೇ ತಿಂಗಳಲ್ಲೇ ಮುಗಿಯುತ್ತದೆ. ಬ್ರಿಟನ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಷಿಪ್‌ನ ಅರ್ಜಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಹೊತ್ತಿಗೆ ಮುಚ್ಚುತ್ತದೆ. ಯುರೋಪಿನ ಎರಾಸ್ಮಸ್ ಮುಂಡಸ್ ಕೋರ್ಸುಗಳ ಬಹುಪಾಲು ಅರ್ಜಿಗಳು ಅಕ್ಟೋಬರ್‌ನಿಂದ ಜನವರಿಯೊಳಗೆ. ಅಂದರೆ ದಸರಾ ಮುಗಿಯುವ ಹೊತ್ತಿಗೆ ಅರ್ಧ ಬಾಗಿಲು ಹಾಕಿರುತ್ತದೆ. ಸೀಟು ಸಿಕ್ಕ ಮೇಲೆ ಜುಲೈನಲ್ಲಿ ಹುಡುಕಿದರೆ ಸಿಗುವುದು ಬ್ಯಾಂಕ್ ಸಾಲ ಮಾತ್ರ.

ನಿಮಗೆ ಹೊಂದುವುದು ಯಾವುದು?

ಹೆಸರು ಕೇಳಿ ಅರ್ಜಿ ಹಾಕಬೇಡಿ, ಅರ್ಹತೆ ಓದಿ ಹಾಕಿ. ಚೀವನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರಬೇಕು. ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್‌ಗೆ ಮೂರು ವರ್ಷದ ಅನುಭವ. ಈಗಷ್ಟೇ ಡಿಗ್ರಿ ಮುಗಿಸಿದವರು ಇವೆರಡಕ್ಕೂ ಸುಮ್ನೆ ಸಮಯ ಕಳೆಯುವುದು ಬೇಡ. ಅಂಥವರಿಗೆ ಎರಾಸ್ಮಸ್ ಮುಂಡಸ್ ಒಳ್ಳೆಯದು. ಎರಡು ಮೂರು ದೇಶಗಳಲ್ಲಿ ಓದುವ ಮಾಸ್ಟರ್ಸ್ ಇದು. ಸ್ಕಾಲರ್‌ಷಿಪ್ ಸಿಕ್ಕರೆ ಫೀಸಿಲ್ಲ, ಮೇಲೆ ತಿಂಗಳಿಗೆ 1,400 ಯೂರೋ, ಗರಿಷ್ಠ 24 ತಿಂಗಳು. ಅರ್ಜಿ ಆಯಾ ಕೋರ್ಸಿಗೇ ನೇರವಾಗಿ ಹಾಕಬೇಕು.

ಪರಿಶಿಷ್ಟ ಜಾತಿಯವರು, ಅಲೆಮಾರಿ ಸಮುದಾಯದವರು, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಷಿಪ್ ನೋಡಲೇಬೇಕು. ಹಿಂದಿನ ಪದವಿಯಲ್ಲಿ ಶೇ 60 ಅಂಕ, 35ರೊಳಗಿನ ವಯಸ್ಸು, ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ್ದು ಬೇರೆ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇರುವುದೂ ಪರಿಶಿಷ್ಟ ಜಾತಿ, ಪಂಗಡದವರ ವಿದೇಶ ಓದಿಗೇ. ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ತಮ್ಮ ಇಲಾಖೆಯ ಜಿಲ್ಲಾ ಕಚೇರಿಯಲ್ಲೂ ನಿಗಮದಲ್ಲೂ ಒಮ್ಮೆ ಕೇಳಿ. ಯಾರೋ ಹೇಳಲಿ ಅಂತ ಕಾಯಬೇಡಿ. ನೋಟಿಸ್ ಬೋರ್ಡಿನ ಕಾಗದ ತಾನಾಗಿ ಮನೆಗೆ ನಡೆದು ಬರುವುದಿಲ್ಲ.

ಇನ್ನು ಜರ್ಮನಿ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು 11,904 ಯೂರೋ, ಅಂದರೆ 12 ಲಕ್ಷ ರೂಪಾಯಿಗೂ ಹೆಚ್ಚು, ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ಅದು ನಿಮ್ಮದೇ ದುಡ್ಡು, ತಿಂಗಳಿಗೆ 992 ಯೂರೋದಂತೆ ವಾಪಸ್ ಬರುತ್ತದೆ. ಕನ್ಸಲ್ಟೆನ್ಸಿಗಳಲ್ಲಿ ಈ ಮಾತು ಕಡಿಮೆ ಕೇಳುತ್ತದೆ ಯಾಕೆ ಗೊತ್ತಾ? ಮಗು ಸೇರಿದರೆ ಕಮಿಷನ್ ಕೊಡುವ ಕಾಲೇಜುಗಳಿಂದಲೇ ಅವರ ಹೊಟ್ಟೆ ತುಂಬುವುದು. ಒಂದು ಕಡೆ ನಾನೂ ಕೂತು ಕೇಳಿದ್ದೇನೆ. ಅರ್ಧ ಗಂಟೆಯಲ್ಲಿ ಜರ್ಮನಿಯ ಹೆಸರು ಒಂದು ಸಲವೂ ಬರಲಿಲ್ಲ.

ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ ಮಾಡುವವರ ಲೆಕ್ಕವೇ ಬೇರೆ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಅಥವಾ ಸಂಶೋಧನೆಗೆ ನೆರವಾಗುವ ಕೆಲಸಕ್ಕೆ ಫೀಸು ಮನ್ನಾ ಮಾಡಿ, ಕೈಗೆ ಸಂಬಳವನ್ನೂ ಕೊಡುತ್ತಾರೆ. ಕೈಯಿಂದ ಹಾಕಿ ಪಿಎಚ್‌.ಡಿ ಮಾಡಿ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಎದ್ದು ಬನ್ನಿ.

ಕಾಗದ ಪತ್ರ, ಮುಖ್ಯವಾಗಿ ಹೆಸರು

ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಊರಿನ ಹೆಸರೂ ಅಪ್ಪನ ಹೆಸರೂ ಆಗಿರುತ್ತದೆ. ಆಧಾರ್‌ನಲ್ಲಿ ಇನ್ನೊಂದು ಥರ. ಮೂರೂ ಒಬ್ಬರೇ ಅಂತ ನಮಗೆ ಗೊತ್ತು, ದೂರದ ದೇಶದ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಮೊದಲು ಪಾಸ್‌ಪೋರ್ಟ್ ಮಾಡಿಸಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅನ್ನುವುದು 2017ರಲ್ಲಿ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, ಹಾಗಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಹೊಂದದಿದ್ದರೆ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿಡಿ.

ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಎಲ್ಲ ವರ್ಷದ ಅಂಕಗಳ ಅಧಿಕೃತ ಪಟ್ಟಿಗೆ, ನಿಮ್ಮ ವಿಶ್ವವಿದ್ಯಾಲಯಕ್ಕೆ ಬೇಗ ಅರ್ಜಿ ಹಾಕಿ. ಒಂದಕ್ಕೆ ನಾಲ್ಕು ಪ್ರತಿ ತೆಗೆದಿಟ್ಟುಕೊಂಡರೆ ಮತ್ತೆ ವಿಶ್ವವಿದ್ಯಾಲಯದ ಕಚೇರಿ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಜರ್ಮನಿಗೆ ನಿಮ್ಮ ಓದಿನ ದಾಖಲೆಗಳು ಅಸಲಿ ಅಂತ ಹೇಳುವ ಎಪಿಎಸ್ ಪ್ರಮಾಣಪತ್ರವೂ ಬೇಕು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ.

ಶಿಫಾರಸು ಪತ್ರ ಕೇಳುವಾಗ ಮೇಷ್ಟ್ರ ಮುಂದೆ ಬರಿಗೈಲಿ ನಿಲ್ಲಬೇಡಿ. ಅವರ ತರಗತಿಯಲ್ಲಿ ನೀವು ಮಾಡಿದ ಪ್ರಾಜೆಕ್ಟ್ ಯಾವುದು, ಅಂಕ ಎಷ್ಟು, ಕೊನೆ ದಿನ ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ‘ಒಳ್ಳೆಯ ಹುಡುಗಿ, ಶಿಸ್ತಿನವಳು’ ಅನ್ನುವ ಪತ್ರ ಯಾರಿಗೂ ಬೇಡ.

ನಿಮ್ಮ ಬಗ್ಗೆ ಬರೆಯುವ ಪ್ರಬಂಧಕ್ಕೂ ಇದೇ ಮಾತು. ‘ಚಿಕ್ಕಂದಿನಿಂದ ನನಗೆ ವಿಜ್ಞಾನ ಇಷ್ಟ’ ಅಂತ ಶುರು ಮಾಡುವವರು ಸಾವಿರ ಜನ. ಆಲೆಮನೆಯ ಹೊಗೆ, ನಾಲೆಗೆ ನೀರು ಬಿಡುವ ದಿನದ ಜಗಳ ನೋಡಿ ಬೆಳೆದವರು ಅದನ್ನೇ ಬರೆದು, ಓದಬೇಕೆಂದಿರುವ ವಿಷಯಕ್ಕೆ ಜೋಡಿಸಿದರೆ ಓದುವವರು ತಲೆ ಎತ್ತುತ್ತಾರೆ.

ಸಾಲ ಕೊನೆಗೆ

ಸಾಲದಲ್ಲೂ ಮೊದಲು ಜೆ.ಎನ್. ಟಾಟಾ ಎಂಡೋಮೆಂಟ್ ನೋಡಿ. 1892ರಲ್ಲಿ ಶುರುವಾದದ್ದು, ಸಾಲದ ರೂಪದ ಸ್ಕಾಲರ್‌ಷಿಪ್. ನಮ್ಮ ತುಮಕೂರಿನ ಅಣು ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಹೋಗಿದ್ದು ಟಾಟಾ ಸ್ಕಾಲರ್ ಆಗಿಯೇ. ಬ್ಯಾಂಕ್ ಸಾಲವನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹೋಲಿಸಿ ನೋಡಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಬಡ್ಡಿಯ ಮೇಲೆ 8 ವರ್ಷದವರೆಗೆ ತೆರಿಗೆ ವಿನಾಯಿತಿ ಇದೆ. ಒಂದು ಎಚ್ಚರ: ಸ್ಕಾಲರ್‌ಷಿಪ್ ಕೊಡಿಸುತ್ತೇವೆ, ಮೊದಲು ಇಷ್ಟು ಕಟ್ಟಿ ಅನ್ನುವವರಿಗೆ ಒಂದು ಪೈಸೆಯೂ ಕೊಡಬೇಡಿ.

ಆ ರೈತರ ಮಗಳು ಸೀಟನ್ನು ಒಂದು ವರ್ಷ ಮುಂದೂಡಲು ಕೇಳಿ ಪತ್ರ ಬರೆದಳು, ಒಪ್ಪಿದರು. ಗದ್ದೆ ಹಾಗೇ ಇದೆ. ಮೊನ್ನೆ ಫೋನ್ ಮಾಡಿದ್ದಳು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಕೊನೆಗೆ ಒಂದು ‘ಎಚ್’ ಜಾಸ್ತಿ ಇದೆಯಂತೆ, ನೋಟರಿ ಹತ್ತಿರ ಕೂತಿದ್ದಳು.