ಕಕ್ಕಡದ ಚಳಿಯಲ್ಲಿ ಗಟ್ಟಿ ಮೊಸರು, ಅದರೊಳಗಿನ ಪೆಪ್ಟೈಡ್

ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಹಿಡಿದರೆ ಮಡಿಕೇರಿ ಕಡೆಯ ಮನೆಗಳಲ್ಲಿ ಮೊಸರು ಸುಲಭಕ್ಕೆ ಆಗುವುದಿಲ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ಹಾಗೆಂದು ಕೈಬಿಡಬೇಡಿ. ಈ ಮೊಸರಿಗಾಗಿ ಸ್ವಲ್ಪ ಕಷ್ಟಪಡಲು ರುಚಿಯ ಜೊತೆಗೆ ಇನ್ನೊಂದು ಕಾರಣವೂ ಇದೆ.

ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80ರಷ್ಟು ಕೇಸಿನ್. ಅದು ಅಮೈನೊ ಆಮ್ಲಗಳ ಉದ್ದನೆಯ ಸರ. ಹೆಪ್ಪಿನ ಬ್ಯಾಕ್ಟೀರಿಯಾಗಳು ತಮ್ಮ ಆಹಾರಕ್ಕಾಗಿ ಈ ಸರವನ್ನು ಕತ್ತರಿಸುತ್ತವೆ. ಆಗ ಉಳಿಯುವ ಸಣ್ಣ ತುಂಡುಗಳೇ ಪೆಪ್ಟೈಡ್. ಇವುಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಗುಣದವು, ಅಂದರೆ ಜೀವಕೋಶಗಳಿಗೆ ಆಗುವ ಹಾನಿ ತಗ್ಗಿಸಬಲ್ಲವು, ಹೆಚ್ಚಾಗಿ 2ರಿಂದ 20 ಅಮೈನೊ ಆಮ್ಲಗಳಷ್ಟು ಉದ್ದ. ಎಲ್ಲ ತುಂಡಿಗೂ ಆ ಗುಣವಿಲ್ಲ. ಟೈರೊಸಿನ್, ಟ್ರಿಪ್ಟೊಫಾನ್, ಹಿಸ್ಟಿಡಿನ್‌ನಂಥ ಅಮೈನೊ ಆಮ್ಲಗಳು ಇರುವ ತುಂಡುಗಳು ಆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳಿಗೆ ಎಲೆಕ್ಟ್ರಾನ್ ಅಥವಾ ಹೈಡ್ರೋಜನ್ ಕೊಟ್ಟು ಅವುಗಳ ಹಾವಳಿ ತಗ್ಗಿಸಬಲ್ಲವು. ನಮ್ಮ ಜೀವಕೋಶಗಳೇ ತಯಾರಿಸುವ ಗ್ಲುಟಾಥಯೋನ್ ಎಂಬ ಆ್ಯಂಟಿಆಕ್ಸಿಡೆಂಟ್ ಕೂಡ ಮೂರು ಅಮೈನೊ ಆಮ್ಲಗಳ ಪೆಪ್ಟೈಡ್. ಪಂದಿಕರಿಯ ಹಂದಿಮಾಂಸದಲ್ಲಿರುವ ಕಾರ್ನೊಸಿನ್‌ಗೆ ಎರಡೇ ಸಾಕು.

ಈಗ ಕೆಲಸಕ್ಕೆ ಬನ್ನಿ. ಅರ್ಧ ಲೀಟರ್ ಹಾಲು ಉಕ್ಕಿ ಬಂದ ಮೇಲೆ ಸಣ್ಣ ಉರಿಯಲ್ಲಿ 5 ನಿಮಿಷ ಕಾಯಿಸಿ, ಆರಲು ಬಿಡಿ. ಶುಚಿಯಾದ ಬೆರಳು ಅದ್ದಿ ಹತ್ತು ಎಣಿಸುವವರೆಗೆ ತಡೆದುಕೊಳ್ಳುವಷ್ಟು ಬಿಸಿ ಇರಬೇಕು, ಅಂದರೆ ಸುಮಾರು 40 ಡಿಗ್ರಿ. ಬೇಸಿಗೆಯಲ್ಲಿ ಉಗುರುಬೆಚ್ಚಗೆ ಸಾಕು, ಮಳೆಗಾಲದಲ್ಲಿ ಸಾಲದು. ಫ್ರಿಜ್‌ನಿಂದ ತೆಗೆದ ಹೆಪ್ಪನ್ನು ನೇರವಾಗಿ ಹಾಕಬೇಡಿ, ಅರ್ಧ ಗಂಟೆ ಹೊರಗಿಡಿ. ಪಾತ್ರೆಗೂ ಬಿಸಿನೀರು ಹುಯ್ದು ಚೆಲ್ಲಿ. ಒಂದು ದೊಡ್ಡ ಚಮಚ ಹೆಪ್ಪು ಕದಡಿ, ಮುಚ್ಚಿ, ಕಂಬಳಿ ಸುತ್ತಿ ಒಲೆಯ ಪಕ್ಕದಲ್ಲೋ ಅಕ್ಕಿ ಡಬ್ಬದ ನಡುವೆಯೋ ಇಡಿ. 8–10 ಗಂಟೆ ಅಲುಗಾಡಿಸಬೇಡಿ. ತಣ್ಣಗಾದರೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, ಹೆಪ್ಪು ಕೆಟ್ಟಿದೆ ಎಂದಲ್ಲ.

ಮೇಲೆ ನಿಂತ ತಿಳಿನೀರನ್ನು ದಯವಿಟ್ಟು ಚೆಲ್ಲಬೇಡಿ. ನೀರಿನಲ್ಲಿ ಕರಗುವ ಪೆಪ್ಟೈಡ್‌ಗಳು ಅದರಲ್ಲೂ ಇರುತ್ತವೆ. ಮಜ್ಜಿಗೆಗೆ ಬೆರೆಸಿ, ಇಲ್ಲವೇ ಅಕ್ಕಿ ರೊಟ್ಟಿಯ ಹಿಟ್ಟು ಕಲಸಿ.

ಪೆಪ್ಟೈಡ್ ಹೆಸರಿನ ದುಬಾರಿ ಪುಡಿಗಳಿಗೆ ಮರುಳಾಗಬೇಡಿ. ಆ್ಯಂಟಿಆಕ್ಸಿಡೆಂಟ್ ಗುಣ ಹೆಚ್ಚಾಗಿ ಕಂಡಿರುವುದು ಪ್ರಯೋಗಾಲಯದ ನಳಿಕೆಗಳಲ್ಲಿ ಮತ್ತು ಪ್ರಾಣಿಗಳಲ್ಲಿ. ತಿಂದ ಪೆಪ್ಟೈಡ್‌ಗಳಲ್ಲಿ ಬಹುಪಾಲು ಕರುಳಿನಲ್ಲಿ ಇನ್ನಷ್ಟು ಒಡೆದುಹೋಗುತ್ತವೆ. ಮೊಸರು ಒಳ್ಳೆಯ ಊಟ, ಔಷಧಿಯಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಪ್ರೋಟೀನಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಹಾಲು ಒಗ್ಗದವರಿಗೆ ಹುರುಳಿಕಾಳು ಇದೆ. ಮೊಳಕೆ ಬರುವಾಗ ಕಾಳಿನ ಕಿಣ್ವಗಳೇ ಕೂಡಿಟ್ಟ ಪ್ರೋಟೀನನ್ನು ತುಂಡರಿಸುತ್ತವೆ. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಎರಡು ದಿನ ಇಡಿ. ದಿನಕ್ಕೆರಡು ಸಲ ತೊಳೆಯಿರಿ. ಈ ಹವೆಯಲ್ಲಿ ಮೊಳಕೆಯ ಜೊತೆ ರೋಗಾಣುಗಳೂ ಬೆಳೆಯುತ್ತವೆ, ಹಸಿಯಾಗಿ ತಿನ್ನದೆ ಬೇಯಿಸಿ ಸಾರು ಮಾಡಿ.