ಎಲೆಕ್ಟ್ರಿಕ್ ಕಾರು: ಮೊದಲು ಪ್ಲಗ್ ನೋಡಿ, ಆಮೇಲೆ ಶೋರೂಮು

‘ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಓಡುತ್ತೆ?’ ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ಎಲ್ಲರೂ ಕೇಳುವುದು ಇದನ್ನೇ. ಅದಕ್ಕೂ ಮೊದಲು ರಾತ್ರಿ ಗಾಡಿ ನಿಲ್ಲಿಸುವ ಜಾಗ ನೋಡಿ. ಅಲ್ಲಿ ಪ್ಲಗ್ ಹಾಕಿಸಲು ಆಗದಿದ್ದರೆ, ಸದ್ಯಕ್ಕೆ ಕಾಯುವುದೇ ವಾಸಿ.

1. ಪ್ಲಗ್: ಗೀಸರ್‌ಗೆ ಹಾಕಿಸುವಂಥ ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ ಸಾಕು. ಆದರೆ ಅದಕ್ಕೆ ಮೀಟರ್ ಬೋರ್ಡಿನಿಂದ ಬೇರೆ ವೈರು, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ತಪ್ಪು ತೋರಿಸಿ ಸುಮ್ನೆ ಕೂತುಬಿಡುತ್ತದೆ. ಮೊದಲ ದಿನ ಒಂದು ಗಂಟೆ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಮಾತ್ರ ಬೇಡವೇ ಬೇಡ.

2. ಲೋಡ್: ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಈ ಚಾರ್ಜರ್ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಬಿಲ್ಲಿನಲ್ಲಿರುವುದೂ 3 ಆಗಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆಯೂ ಬೇಕು. ವೈರು ಎಳೆಯುವುದು ಒಂದು ದಿನದ ಕೆಲಸ, ಮೀಟಿಂಗ್ ಮುಗಿಯುವುದು ಯಾವಾಗಲೋ!

3. ಲೆಕ್ಕ: ಚಿಕ್ಕ ಕಾರು 100 ಕಿ.ಮೀ.ಗೆ, ಚಾರ್ಜಿಂಗ್ ನಷ್ಟ ಸೇರಿ, 15-16 ಯುನಿಟ್ ತಿನ್ನುತ್ತದೆ. ಯುನಿಟ್‌ಗೆ 7 ರೂಪಾಯಿ ಹಿಡಿದರೆ 110 ರೂಪಾಯಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರ್ ನೂರು ರೂಪಾಯಿ ಅಂದರೂ, 670 ಆಗುತ್ತದೆ. ಉಳಿತಾಯ 560. ಎಲೆಕ್ಟ್ರಿಕ್ ಕಾರಿಗೆ 3 ಲಕ್ಷ ಜಾಸ್ತಿ ಕೊಟ್ಟಿದ್ದರೆ, ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ನಾಲ್ಕೂವರೆ ವರ್ಷದಲ್ಲಿ ಆ ದುಡ್ಡು ವಾಪಸ್. ಭಾನುವಾರ ದೇವಸ್ಥಾನಕ್ಕೆ ಮಾತ್ರ ಗಾಡಿ ತೆಗೆಯುವವರಿಗೆ ಕಾರು ಹಳೆಯದಾದರೂ ದುಡ್ಡು ಬರುವುದಿಲ್ಲ.

4. ಬಾಡಿಗೆಗೆ ಬಿಡುವುದಾದರೆ: ಇಲ್ಲಿ ಹುಷಾರು. ಟ್ಯಾಕ್ಸಿಗೆ ಪೈಪೋಟಿ ಪೆಟ್ರೋಲ್ ಅಲ್ಲ, ಸಿಎನ್‌ಜಿ. ಕೆಜಿಗೆ 90 ರೂಪಾಯಿ, 25 ಕಿ.ಮೀ. ಮೈಲೇಜ್ ಅಂದರೆ 100 ಕಿ.ಮೀ.ಗೆ 360 ರೂಪಾಯಿ. ಮನೆಯಲ್ಲಿ ಚಾರ್ಜ್ ಮಾಡಿಕೊಂಡರೆ ನೀವು ಆರಾಮಾಗಿ ಗೆಲ್ಲುತ್ತೀರಿ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯುನಿಟ್‌ಗೆ 20 ಕೊಟ್ಟರೆ ಖರ್ಚೇ 300 ದಾಟುತ್ತದೆ. ಜೊತೆಗೆ ಚಾರ್ಜ್ ಆಗುವವರೆಗೆ ಕಾಯುವ ಹೊತ್ತು, ಕೈತಪ್ಪಿದ ಬಾಡಿಗೆ. ಬೆಂಗಳೂರಲ್ಲೂ ಓಡುತ್ತಿದ್ದ ಎಲೆಕ್ಟ್ರಿಕ್ ಟ್ಯಾಕ್ಸಿ ಕಂಪನಿ ಬ್ಲೂಸ್ಮಾರ್ಟ್ 2025ರ ಏಪ್ರಿಲ್‌ನಲ್ಲಿ ಸೇವೆ ನಿಲ್ಲಿಸಿದ್ದನ್ನು ನೋಡಿ ಹಲವರು ಹೆದರಿದರು. ಆದರೆ ಅದು ನಿಂತಿದ್ದು ಅದರ ಜೊತೆ ನಂಟಿದ್ದ ಜೆನ್ಸೋಲ್ ಕಂಪನಿಯ ಹಣಕಾಸಿನ ಬಗ್ಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಆದೇಶ ಬಂದ ಮೇಲೆ. ಅದಕ್ಕೆ ಬ್ಯಾಟರಿಯನ್ನು ದೂರಿ ಫಲವಿಲ್ಲ.

5. ಕಾಗದ: ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಅನ್ನುವುದು ಹಲವು ಕಾರುಗಳಲ್ಲಿದೆ. ಟ್ಯಾಕ್ಸಿಗೂ ಅದೇ ವಾರಂಟಿ ಅಂತ ಅಂದುಕೊಳ್ಳಬೇಡಿ. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ (ಎಲೆಕ್ಟ್ರಿಕ್ ಟ್ಯಾಕ್ಸಿಯ ಗುರುತು) ಬರೆಸುವ ಮುಂಚೆ, ಬಾಡಿಗೆ ಓಡಿಸಿದರೂ ವಾರಂಟಿ ಸಿಗುತ್ತದಾ ಅಂತ ಡೀಲರ್ ಹತ್ತಿರ ಬರವಣಿಗೆಯಲ್ಲೇ ತೆಗೆದುಕೊಳ್ಳಿ.